ಹೊಸ ರೋಗಗಳು ಬರುವ ದಾರಿ

೨೦೦೬ನೆಯ ಇಸವಿಯಲ್ಲಿ ನಮ್ಮ ಬೀದರ ಜಿಲ್ಲೆಯನ್ನೂ ಕರ್ನಾಟಕದ ಇತರ ಅನೇಕ ಜಿಲ್ಲೆಗಳನ್ನೂ ಒಂದು ಜ್ವರವು ಹೊಕ್ಕು ಜನರನ್ನು ಹಣ್ಣುಮಾಡಿದುದು ಕೇಳುಗರಲ್ಲಿ ಬಹುಮಂದಿಗೆ ನೆನಪಿರಬೇಕು. ಜ್ವರವೇನೋ ಕೆಲವೇ ದಿನಗಳಲ್ಲಿ ಇಳಿಯುತ್ತಿದ್ದಿತು. ಆದರೆ ಅದು ಬಿಟ್ಟುಹೋದ ಕೀಲುನೋವು ವಾರಗಳನ್ನು ದಾಟಿ ತಿಂಗಳುಗಳವರೆಗೆ ಉಳಿಯುತ್ತಿದ್ದಿತು. ಮುಂಜಾನೆ ಹಾಸಿಗೆಯಿಂದೇಳುವುದು, ನೀರಿನ ಕೊಡವೆತ್ತುವುದು, ರೊಟ್ಟಿ ಬಡಿಯುವುದು, ಲೇಖನಿ ಹಿಡಿಯುವುದು ಇವೇ ಮೊದಲಾದ ನಿತ್ಯದ ಕೆಲಸಗಳು ದುಸ್ತರವಾದುವು. ದಿನಗೂಲಿಯವನ ಮನೆಯಲ್ಲಿ ಕೀಲು ಹಿಡಿದುಕೊಂಡಿತೆಂದರೆ ಒಲೆಯೂ ಆರಿತೆಂದೇ ಅರ್ಥ. ಆ ರೋಗದ ಹೆಸರು ಚಿಕೂನ್‌ಗುನ್ಯಾ. ಹೆಸರಿನ ಮೊದಲೆರಡು ಅಕ್ಷರಗಳನ್ನು ಕೇಳಿ, ಇದು ಕೋಳಿಯ ಮಾಂಸದಿಂದ ಬರುವ ಜಾಡ್ಯವೆಂದು ತಿಳಿದವರೂ ನಮ್ಮಲ್ಲಿದ್ದರು.

ಹಿರಿಯರು ಕಂಡರಿಯದ, ಅಜ್ಜಿಯ ಮದ್ದಿನ ಚೀಲದಲ್ಲಿ ಹೆಸರೇ ಇಲ್ಲದ ಇಂಥ ಒಂದು ರೋಗವು ಇದ್ದಕ್ಕಿದ್ದಂತೆ ಎಲ್ಲಿಂದ ಬಂದಿತು? ಗಾಳಿಯಲ್ಲಿ ಹುಟ್ಟಿತೆ? ಅನ್ಯರು ತಂದರೆ? ದೈವದ ಮುನಿಸೆ? ಹೊಸ ರೋಗ ಬಂದಾಗಲೆಲ್ಲ ಮನುಷ್ಯನು ಇವೇ ಪ್ರಶ್ನೆಗಳನ್ನು ಕೇಳಿಕೊಂಡಿದ್ದಾನೆ. ಈ ಪ್ರಶ್ನೆಗಳಿಗೆ ಇಂದಿನ ವೈದ್ಯಶಾಸ್ತ್ರವು ಕೊಡುವ ಉತ್ತರವನ್ನು ನಮ್ಮ ಜಿಲ್ಲೆಯನ್ನೇ ಮುಂದಿಟ್ಟುಕೊಂಡು ಆದಷ್ಟು ತಿಳಿಯಾಗಿ ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ‘ಹೊಸ ರೋಗ’ವೆಂಬ ಮಾತಿನ ಅರ್ಥವನ್ನು ವಿಚಾರಿಸೋಣ. ಚಿಕೂನ್‌ಗುನ್ಯಾ ನಮಗೆ ಹೊಸದಾಗಿದ್ದರೂ ಲೋಕಕ್ಕೆ ಹೊಸದಾಗಿರಲಿಲ್ಲ. ಪೂರ್ವ ಆಫ್ರಿಕದಲ್ಲಿ ಈಗ ಟಾಂಜಾನಿಯವೆಂದು ಹೆಸರಾದ ದೇಶದ ದಕ್ಷಿಣ ಭಾಗದಲ್ಲಿ ೧೯೫೨-೫೩ರಲ್ಲಿ ಇದನ್ನು ವೈದ್ಯರು ಮೊದಲು ಗುರುತಿಸಿದರು. ಅಲ್ಲಿಯ ಮಾಕೊಂಡೆ ಜನರ ಭಾಷೆಯಲ್ಲಿ ಈ ಶಬ್ದಕ್ಕೆ ಬಾಗಿಸುವುದು, ಮುರುಟಿಸುವುದು ಎಂಬಂಥ ಅರ್ಥವಿದೆ. ನೋವಿನಿಂದ ಬಾಗಿ ನಡೆಯುವ ರೋಗಿಯನ್ನು ಕಂಡವರಿಗೆ ಹೆಸರಿನ ಔಚಿತ್ಯವು ತಾನೇ ಹೊಳೆಯುತ್ತದೆ. ಭಾರತಕ್ಕೂ ಇದು ೨೦೦೬ರಲ್ಲಿ ಮೊದಲ ಸಲ ಬಂದುದಲ್ಲ. ೧೯೬೩ರಲ್ಲಿ ಕಲಕತ್ತೆಯಲ್ಲಿ, ಮರುವರ್ಷ ಮದರಾಸಿನಲ್ಲಿ, ೧೯೭೩ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಇದು ತಲೆದೋರಿದ್ದಿತು. ಆ ಬಳಿಕ ಸುಮಾರು ೩೨ ವರ್ಷಗಳ ಕಾಲ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಳ್ಳದೆ, ೨೦೦೫ರ ಕೊನೆಯಲ್ಲಿ ಆಂಧ್ರ, ಕರ್ನಾಟಕಗಳಲ್ಲಿ ಮರಳಿ ಎದ್ದಿತು. ೨೦೦೬ರಲ್ಲಿ ದೇಶದಲ್ಲೆಲ್ಲ ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಈ ರೋಗದ ಶಂಕಿತರ ಪಟ್ಟಿಗೆ ಸೇರಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ ಏಳು ಲಕ್ಷಕ್ಕೂ ಮಿಕ್ಕಿದವರು, ಕರ್ನಾಟಕದವರೇ. ಮೊದಲಲ್ಲಿಯೇ ಪೀಡೆಗೊಳಗಾದ ಜಿಲ್ಲೆಗಳ ಸಾಲಿನಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರಗಳೊಡನೆ ಬೀದರವೂ ಇದ್ದಿತು.

ಆದಕಾರಣ ಹೊಸ ರೋಗವೆಂದರೆ ಮೂರು ಬಗೆ. ಮನುಷ್ಯಕುಲಕ್ಕೇ ಹಿಂದೆ ತಗಲದಿದ್ದುದು ಒಂದು. ಒಂದು ಸೀಮೆಯಲ್ಲಿದ್ದುದು ಇನ್ನೊಂದು ಸೀಮೆಗೆ ಬಂದುದು ಎರಡನೆಯದು. ಒಮ್ಮೆ ಬಂದು ಹೋಗಿ ಮರಳಿದುದು ಮೂರನೆಯದು. ಇವು ಮೂರರಲ್ಲಿಯೂ ಒಂದು ಸಾಮಾನ್ಯ ಸಂಗತಿ ಉಂಟು. ರೋಗಾಣುವು ಶೂನ್ಯದಿಂದ ಹುಟ್ಟಿಬರುವುದಿಲ್ಲ. ಅದು ಎಲ್ಲಿಯೋ ಯಾವುದೋ ಜೀವಿಯ ದೇಹದಲ್ಲಿ ಮೊದಲೇ ಇರುತ್ತದೆ. ನಮ್ಮ ಕಡೆಗೆ ಬರಲು ಅದಕ್ಕೊಂದು ದಾರಿ ಬೇಕಾಗಿರುತ್ತದೆ. ಆ ದಾರಿಯನ್ನು ಹೆಚ್ಚಿನ ಸಂದರ್ಭಗಳಲ್ಲಿ ಕಡಿದುಕೊಡುವವರು ನಾವೇ. ಬೇಕೆಂದು ಕಡಿಯುವುದಿಲ್ಲ, ಉಳುವಾಗ, ಕಟ್ಟುವಾಗ, ಪ್ರಯಾಣಮಾಡುವಾಗ, ನೀರು ತುಂಬಿಡುವಾಗ ಅರಿವಿಲ್ಲದೆ ಕಡಿಯುತ್ತೇವೆ.

ಮೊದಲನೆಯ ದಾರಿ ಪ್ರಾಣಿಗಳದು. ಮನುಷ್ಯನಿಗೆ ರೋಗ ತರುವ ಜೀವಿಗಳನ್ನು ಪಂಡಿತರು ಪಟ್ಟಿಮಾಡಿ ನೋಡಿದಾಗ ಅವು ೧,೪೦೦ಕ್ಕೂ ಹೆಚ್ಚೆಂದು ತಿಳಿಯಿತು. ಅವುಗಳಲ್ಲಿ ನೂರಕ್ಕೆ ಸುಮಾರು ೬೦ ಪ್ರಾಣಿಗಳಿಂದಲೂ ಅಂಟುವಂಥವು. ಹೊಸದಾಗಿ ತಲೆಯೆತ್ತಿದವುಗಳನ್ನು ಮಾತ್ರ ಎಣಿಸಿದರೆ ಈ ಪಾಲು ನೂರಕ್ಕೆ ೭೫ರಷ್ಟಾಗುತ್ತದೆ. ನಾವು ಬಲು ಹಳೆಯದೆಂದು ಬಗೆಯುವ ದಡಾರವನ್ನೇ ತೆಗೆದುಕೊಳ್ಳೋಣ. ಅದರ ವೈರಸ್ಸಿಗೆ ಅತಿ ಹತ್ತಿರದ ನಂಟು ದನಗಳ ದೊಡ್ಡರೋಗದ ವೈರಸ್ಸು. ಮನುಷ್ಯನು ದನಗಳನ್ನು ಸಾಕಿ, ಅವುಗಳೊಡನೆ ಒಂದೇ ಸೂರಿನಡಿ ಬಾಳತೊಡಗಿದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದೆ, ಕೊಟ್ಟಿಗೆಯ ರೋಗವೊಂದು ತೊಟ್ಟಿಲಿನ ರೋಗವಾಯಿತೆಂದು ಶಾಸ್ತ್ರಜ್ಞರ ಅಭಿಪ್ರಾಯ. ಹಟ್ಟಿಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗವು ೨೦೧೧ರಲ್ಲಿ ಭೂಮಿಯಿಂದಲೇ ತೊಲಗಿತೆಂದು ಸಾರಲಾಯಿತು. ಅದರ ದಾಯಾದಿಯಾದ ದಡಾರ ಮಾತ್ರ ಇನ್ನೂ ನಮ್ಮೊಡನಿದೆ.

ಇಷ್ಟು ದೂರದ ಕಾಲಕ್ಕೆ ಹೋಗಬೇಕಾಗಿಯೂ ಇಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತುಬೀಳತೊಡಗಿದುವು. ಬೆನ್ನಹಿಂದೆಯೇ ಹಳ್ಳಿಗರಿಗೆ ಕಡುಜ್ವರ ಬಂದಿತು. ಆಫ್ರಿಕದ ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೋ ಎಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮೊದಲು ಅಂಜಿದರು. ಪರೀಕ್ಷಿಸಿ ನೋಡಿದಾಗ ಅದು ಲೋಕಕ್ಕೆ ಅದುವರೆಗೆ ತಿಳಿಯದಿದ್ದ ಬೇರೊಂದು ವೈರಸ್ಸೆಂದು ಗೊತ್ತಾಯಿತು. ಕಾಡಿನ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣ್ಣೆಗಳಲ್ಲಿ ಅದು ಸದ್ದಿಲ್ಲದೆ ಬಾಳುತ್ತಿದ್ದಿತು. ಮನುಷ್ಯನು ಕಾಡನ್ನು ಕಡಿದು ಗದ್ದೆಮಾಡುತ್ತ ಒಳಗೊಳಗೆ ಸರಿದನು, ಸೌದೆ ಸೊಪ್ಪಿಗೆಂದು ಒಳಹೊಕ್ಕನು, ದನಗಳನ್ನು ಮೇಯಲಟ್ಟಿದನು. ದನದ ಮೈಯಲ್ಲಿ ಬೆಳೆದ ಉಣ್ಣೆಗಳಿಗೆ ಹೊಟ್ಟೆತುಂಬ ರಕ್ತ ಸಿಕ್ಕಿ ಅವುಗಳ ಸಂತತಿ ಹೆಚ್ಚಿತು. ಮಂಗನ ಕಾಯಿಲೆಯೆಂದು ನಾವೀಗ ಕರೆಯುವ ರೋಗದ ಕಥೆ ಇದು. ಹೆಸರು ಮಂಗನದಾದರೂ, ಪಾಪ, ಮಂಗವು ನಮ್ಮಂತೆಯೇ ಅದಕ್ಕೆ ಬಲಿಯಾದ ಪ್ರಾಣಿ.

ಒಂದು ರೋಗಾಣುವು ಪ್ರಾಣಿಯಿಂದ ಮನುಷ್ಯನಿಗೆ ದಾಟಿದ ಮಾತ್ರಕ್ಕೆ ಮಾರಿಯಾಗುವುದಿಲ್ಲ. ಬಹುಪಾಲು ದಾಟಿದಲ್ಲಿಯೇ ಆರಿಹೋಗುತ್ತವೆ. ಹಬ್ಬಬೇಕಾದರೆ ಲೆಕ್ಕವು ಅದರ ಪರವಾಗಿರಬೇಕು. ಒಬ್ಬ ರೋಗಿಯಿಂದ ಸರಾಸರಿಯಲ್ಲಿ ಇಬ್ಬರಿಗೆ ಅಂಟುವ ರೋಗವು ಹತ್ತನೆಯ ಸುತ್ತಿಗೆ ೧,೦೨೪ ಜನರನ್ನು ಹಿಡಿಯುತ್ತದೆ. ಒಬ್ಬನಿಂದ ಒಬ್ಬನಿಗಿಂತ ಕಡಮೆಯಾದರೆ ಯಾರೂ ಆರಿಸದೆ ತಾನಾಗಿಯೇ ನಂದುತ್ತದೆ. ಈ ಸಣ್ಣ ಗಣಿತವನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರೋಗನಿವಾರಣೆಯ ಗುಟ್ಟೆಲ್ಲ ಇದರಲ್ಲಿ ಅಡಗಿದೆ.

ಜನಸಂದಣಿಯು ಈ ಲೆಕ್ಕವನ್ನು ಏರಿಸುತ್ತದೆ. ದಡಾರವು ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಅದು ಒಂದೂರಿನಲ್ಲಿ ಹೊರಗಿನ ನೆರವಿಲ್ಲದೆ ಬದುಕಿರಬೇಕಾದರೆ ಹೊಸ ಹೊಸ ಕೂಸುಗಳು ಎಡೆಬಿಡದೆ ಸಿಗುತ್ತಿರಬೇಕು. ಲಸಿಕೆಯಿಲ್ಲದಿದ್ದ ದಿನಗಳ ಲೆಕ್ಕ ನೋಡಿ, ಅದಕ್ಕೆ ಎರಡೂವರೆಯಿಂದ ಐದು ಲಕ್ಷ ಜನರಿರುವ ಊರು ಬೇಕೆಂದು ತಿಳಿದವರು ಹೇಳಿದ್ದಾರೆ. ೨೦೧೧ರ ಜನಗಣತಿಯಲ್ಲಿ ಬೀದರ ನಗರದ ಜನಸಂಖ್ಯೆ ಎರಡು ಲಕ್ಷವನ್ನು ಸ್ವಲ್ಪ ಮೀರಿತ್ತು. ಹಿಂದಿನ ಕಾಲದ ಬೀದರ, ಭಾಲ್ಕಿ, ಔರಾದಗಳಂಥ ಊರುಗಳಲ್ಲಿ ಇಂಥ ರೋಗಗಳು ಬಂದು ಉರಿದು ಆರಿಹೋಗುತ್ತಿದ್ದುವು. ಮತ್ತೆ ಬರಲು ಹೊರಗಿನಿಂದ ಯಾರಾದರೂ ತರಬೇಕಾಗುತ್ತಿದ್ದಿತು.

ಹೊರಗಿನಿಂದ ತರುವ ಈ ಕೆಲಸವೇ ಈಗ ಅತಿ ಸುಲಭವಾಗಿರುವುದು. ಪ್ಲೇಗು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿದ್ದಿತು. ಹಡಗಿನ ಇಲಿಗಳ ಸಂಗಡ ೧೮೯೬ರಲ್ಲಿ ಮುಂಬಯಿಗೆ ಬಂದಿಳಿಯಿತು. ರೈಲಿನ ದಾರಿ ಹಿಡಿದು ೧೮೯೮ರಲ್ಲಿ ಬೆಂಗಳೂರನ್ನು ಮುಟ್ಟಿತು. ಇದಕ್ಕೆ ನಾಲ್ಕು ವರ್ಷಗಳು ಹಿಡಿದುವು. ೨೦೧೯ರ ಡಿಸೆಂಬರಿನಲ್ಲಿ ಚೀನದ ವೂಹಾನ್ ನಗರದಲ್ಲಿ ಕಾಣಿಸಿಕೊಂಡ ಕೋವಿಡ್ ರೋಗದಿಂದ ಭಾರತದಲ್ಲಿ ಮೊದಲ ಸಾವು ಸಂಭವಿಸಿದುದು ೨೦೨೦ರ ಮಾರ್ಚಿಯಲ್ಲಿ. ಆ ಸಾವಿನ ಸುದ್ದಿ ಬಂದುದು ಮುಂಬಯಿಯಿಂದಲ್ಲ, ದಿಲ್ಲಿಯಿಂದಲ್ಲ, ನಮ್ಮ ನೆರೆಯ ಕಲಬುರ್ಗಿಯಿಂದ. ನಾಲ್ಕು ವರ್ಷಗಳ ದಾರಿ ನಾಲ್ಕು ತಿಂಗಳಿನೊಳಕ್ಕೆ ಇಳಿದಿದೆ. ರೋಗಿಗೆ ರೋಗ ತಿಳಿಯುವ ಮೊದಲೇ ಅವನು ಸಮುದ್ರಗಳನ್ನು ದಾಟಿರುತ್ತಾನೆ.

ಚಿಕೂನ್‌ಗುನ್ಯಾ ನಡೆದ ದಾರಿಯನ್ನೂ ಹೀಗೆಯೇ ಹೆಜ್ಜೆಹೆಜ್ಜೆಯಾಗಿ ಗುರುತಿಸಬಹುದು. ೨೦೦೪ರಲ್ಲಿ ಅದು ಕೀನ್ಯ ದೇಶದ ಕರಾವಳಿಯ ಲಾಮು ದ್ವೀಪದಲ್ಲಿ ಎದ್ದು ಅಲ್ಲಿಯ ಜನರಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹಿಡಿಯಿತು. ಅಲ್ಲಿಂದ ಕೊಮೊರೊ ದ್ವೀಪಗಳಿಗೆ, ಅಲ್ಲಿಂದ ರೆಯೂನಿಯನ್ ದ್ವೀಪಕ್ಕೆ ಹಾರಿ, ಅಲ್ಲಿಯ ನಿವಾಸಿಗಳಲ್ಲಿ ಮೂರನೆಯ ಒಂದು ಪಾಲನ್ನು ಪೀಡಿಸಿತು. ಅದೇ ಹೊತ್ತಿಗೆ ಭಾರತದಲ್ಲಿ ಕಾಣಿಸಿಕೊಂಡ ವೈರಸ್ಸು ೧೯೭೩ರ ಬಾರ್ಶಿಯ ವೈರಸ್ಸಿನ ವಂಶದ್ದಲ್ಲ, ಈ ಆಫ್ರಿಕದ ವಂಶದ್ದು ಎಂದು ಪರೀಕ್ಷೆಯಿಂದ ತಿಳಿದುಬಂದಿತು. ದೇಶದೊಳಗೆ ಹೊಕ್ಕ ಮೇಲೆ ಅದಕ್ಕೆ ದಾರಿಯ ಕೊರತೆಯಿರಲಿಲ್ಲ. ಪರಳಿ ವೈಜನಾಥದ ಕಡೆಗೆ ಹೋಗುವ ರೈಲು ಭಾಲ್ಕಿಯನ್ನು ಹಾದುಹೋಗುತ್ತದೆ. ಔರಾದಕ್ಕೆ ಆಗ ರೈಲಿರದಿದ್ದರೂ ಅದು ಮಹಾರಾಷ್ಟ್ರದ ಅಂಚಿನಲ್ಲಿರುವ ತಾಲ್ಲೂಕು. ಉದಗೀರ, ದೇಗಲೂರುಗಳಿಗೆ ಸಂತೆಗೂ ಸಂಬಂಧಕ್ಕೂ ಜನರು ಓಡಾಡುತ್ತಲೇ ಇರುವರು. ದುಡಿಮೆಗೆಂದು ಹೈದರಾಬಾದಿಗೂ ಪುಣೆ ಮುಂಬಯಿಗಳಿಗೂ ಹೋಗಿ ಹಬ್ಬಕ್ಕೆ ಮರಳುವವರಂತೂ ಪ್ರತಿಯೊಂದು ಹಳ್ಳಿಯಲ್ಲಿಯೂ ಇದ್ದಾರೆ.

ಆದರೂ ಬಂದ ಅತಿಥಿಗೆ ಮನೆಯಲ್ಲಿ ಎಡೆ ಸಿಗದಿದ್ದರೆ ಅವನು ನಿಲ್ಲುವಂತಿಲ್ಲ. ಚಿಕೂನ್‌ಗುನ್ಯಾ ರೋಗಿಯಿಂದ ನೇರವಾಗಿ ಇನ್ನೊಬ್ಬರಿಗೆ ಅಂಟುವುದಿಲ್ಲ. ನಡುವೆ ಏಡಿಸ್ ಜಾತಿಯ ಹೆಣ್ಣುಸೊಳ್ಳೆ ಬೇಕು. ಕಪ್ಪು ಮೈ, ಬಿಳಿಯ ಪಟ್ಟೆಗಳ ಈ ಸೊಳ್ಳೆಯೇ ಡೆಂಗಿ ಜ್ವರವನ್ನೂ ಹರಡುತ್ತದೆ. ಇದರ ಮೂಲ ಆಫ್ರಿಕದ ಕಾಡು. ಅಲ್ಲಿ ಮರದ ಪೊಟರೆಗಳಲ್ಲಿ ನಿಂತ ಮಳೆನೀರಿನಲ್ಲಿ ಮೊಟ್ಟೆಯಿಡುತ್ತಿದ್ದ ಹುಳು, ಹಾಯಿಹಡಗುಗಳ ನೀರಿನ ಪೀಪಾಯಿಗಳಲ್ಲಿ ಕುಳಿತು ಲೋಕಸಂಚಾರ ಮಾಡಿತು. ಇಂದು ಪೊಟರೆಯ ಬದಲು ನಮ್ಮ ಹರವಿ, ಹಂಡೆ, ಹೌದು, ಡ್ರಮ್ಮು, ಕೂಲರು, ಹೂದಾನಿ, ಮಾಳಿಗೆಯ ಮೇಲೆ ಎಸೆದ ಟಾಯರು ಇವುಗಳು ಅದಕ್ಕೆ ಸಾಕು.

ವಿದ್ಯಾವಂತರಾದ ನಗರವಾಸಿಗಳು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದು ಇಲ್ಲಿದೆ. ರೋಗವೆಂದೊಡನೆ ನಮ್ಮ ಬೆರಳು ಬಡವರ ಕೇರಿಯ ಗಟಾರದ ಕಡೆಗೆ ತಿರುಗುತ್ತದೆ. ಈ ಸೊಳ್ಳೆಗೆ ಗಟಾರವು ಒಗ್ಗದು. ತಿಳಿಯಾಗಿ ನಿಂತ ನೀರೇ ಅದಕ್ಕೆ ಇಷ್ಟ. ಚೊಕ್ಕಟವಾಗಿ ಸಾರಿಸಿದ ಮನೆಯ ಅಂಗಳದ ಹೂಕುಂಡದ ತಟ್ಟೆಯಲ್ಲಿಯೂ ಅದರ ಸಂಸಾರ ನಡೆಯುತ್ತದೆ. ಅದು ಕಡಿಯುವುದು ಹಗಲಿನಲ್ಲಿ. ಹಾರುವುದು ಹೆಚ್ಚೆಂದರೆ ಕೆಲವು ನೂರು ಗಜ. ಎಂದಮೇಲೆ ನಮ್ಮನ್ನು ಕಡಿದ ಸೊಳ್ಳೆಯು ನಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಹುಟ್ಟಿದುದಾಗಿರಬೇಕು.

ಇನ್ನು ನೀರಿನ ಮಾತು. ಲಾಮು ದ್ವೀಪದಲ್ಲಿ ರೋಗವೆದ್ದುದು ಮಳೆ ಸುರಿದಾಗ ಅಲ್ಲ, ಬರಗಾಲ ಬಿದ್ದಾಗ. ಇದೇಕೆಂದು ವಿಚಾರಮಾಡಿದ ಪಂಡಿತರು, ನೀರಿನ ಅಭಾವದಿಂದ ಜನರು ಮನೆಮನೆಗಳಲ್ಲಿ ನೀರು ಕೂಡಿಟ್ಟುದೂ ಆ ಪಾತ್ರೆಗಳನ್ನು ಬರಿದುಮಾಡಿ ತೊಳೆಯದೆ ಹೋದುದೂ ಕಾರಣವಾಗಿರಬಹುದೆಂದು ಊಹಿಸಿದ್ದಾರೆ. ಈ ಮಾತು ನಮ್ಮ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಬೀದರವು ಜಂಬಿಟ್ಟಿಗೆಯ ಎತ್ತರದ ಮೇಲಿರುವ ಊರು. ಬಹಮನಿ ಅರಸರು ಹದಿನೈದನೆಯ ಶತಮಾನದಲ್ಲಿ ಇದನ್ನು ರಾಜಧಾನಿ ಮಾಡಿಕೊಂಡಾಗ ಅವರಿಗೂ ನೀರಿನ ಚಿಂತೆ ತಪ್ಪಲಿಲ್ಲ. ನೌಬಾದಿನ ಬಳಿ ನೆಲದೊಳಗೆ ಕಾಲುವೆ ಕೊರೆದು ಸುರಂಗ ಬಾವಿಯನ್ನು ನಿರ್ಮಿಸಿದರು. ಮುಚ್ಚಿದ ದಾರಿಯಲ್ಲಿ ಹರಿದುಬರುವ ಅಂಥ ನೀರು ಈ ಸೊಳ್ಳೆಗೆ ಒದಗುವಂಥದಲ್ಲ. ಈಚೆಗೆ ನಾವು ನಳದ ನೀರನ್ನು ನೆಚ್ಚಿಕೊಂಡವರು. ನಳವು ದಿನವೂ ಬರುವ ಕೇರಿಯಲ್ಲಿ ಒಂದು ಕೊಡ ಸಾಕು. ದಿನಬಿಟ್ಟು ದಿನ, ವಾರಕ್ಕೊಮ್ಮೆ ಬರುವ ಕೇರಿಯಲ್ಲಿ ಮನೆಯ ಪಾತ್ರೆಗಳೆಲ್ಲ ತುಂಬಿ ನಿಲ್ಲಬೇಕು. ಬೇಸಿಗೆಯಲ್ಲಿ ಕೊಡಗಳ ಸಾಲು ಹಚ್ಚಿ ನೀರು ತಂದ ತಾಯಿಗೆ, ‘ಹರವಿಯನ್ನು ಚೆಲ್ಲಿ ಒಣಗಿಸು’ ಎಂದು ಹೇಳುವುದು ಬಾಯಿಗೆ ಸುಲಭ. ಅವಳ ಕೈಗೆ ಅಷ್ಟು ಸುಲಭವಲ್ಲ. ನೀರು ಹೊತ್ತ ಕೈಗಳೇ ಮುಂದೆ ಕೀಲು ಹಿಡಿದು ನರಳಿದುವೆಂಬುದನ್ನು ನೆನೆದರೆ ಮನಸ್ಸು ಕರಗುತ್ತದೆ. ಆದುದರಿಂದ ಊರಿಗೆ ನೇಮವಾಗಿ ನಳದ ನೀರು ಕೊಡುವುದು ಬರಿಯ ಅನುಕೂಲದ ಮಾತಲ್ಲ, ಆರೋಗ್ಯರಕ್ಷಣೆಯ ಮೊದಲ ಕಾರ್ಯವೆಂದೇ ನಾವು ತಿಳಿಯುತ್ತೇವೆ.

ಇದಲ್ಲದೆ ಇನ್ನೆರಡು ಕಾರಣಗಳನ್ನು ಸಂಕ್ಷೇಪವಾಗಿ ಹೇಳಬೇಕು. ವೈರಸ್ಸುಗಳು ಬೆಳೆಯುವಾಗ ತಮ್ಮ ಪ್ರತಿಗಳನ್ನು ತಾವೇ ತೆಗೆಯುತ್ತವೆ. ಆತುರದ ಬರವಣಿಗೆಗಾರನಂತೆ ಅಲ್ಲಲ್ಲಿ ತಪ್ಪುಮಾಡುತ್ತವೆ. ಬಹಳ ತಪ್ಪುಗಳು ನಿಷ್ಫಲ. ಒಂದೊಂದು ಅವುಗಳಿಗೆ ವರವಾಗುತ್ತದೆ. ರೆಯೂನಿಯನ್ನಿನಲ್ಲಿ ಚಿಕೂನ್‌ಗುನ್ಯಾ ವೈರಸ್ಸಿನಲ್ಲಾದ ಇಂಥದೊಂದು ಚಿಕ್ಕ ಬದಲಾವಣೆಯಿಂದ ಅದು ಏಡಿಸ್ ಕುಲದ ಇನ್ನೊಂದು ಸೊಳ್ಳೆಯಲ್ಲಿಯೂ ಸಲೀಸಾಗಿ ಬೆಳೆಯತೊಡಗಿತು. ೨೦೦೭ರಲ್ಲಿ ಕೇರಳದಲ್ಲಿಯೂ ಅದೇ ಬದಲಾವಣೆ ಕಂಡುಬಂದಿತು. ಎರಡನೆಯ ಕಾರಣ ನಮ್ಮ ದೇಹದ್ದು. ಈ ರೋಗ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಬಹುಕಾಲ ರಕ್ಷೆಯುಂಟು. ಆದರೆ ೧೯೭೩ರ ಬಳಿಕ ಒಂದು ತಲೆಮಾರೇ ಅದನ್ನು ಕಾಣದೆ ಬೆಳೆದಿದ್ದಿತು. ಒಣಹುಲ್ಲಿನ ಬಣವೆಗೆ ಕಿಡಿ ತಗಲಿದಂತಾಯಿತು.

ಹೊಸ ರೋಗದೊಡನೆ ಬರುವ ಇನ್ನೊಂದು ಅಂಟುಜಾಡ್ಯ ಭಯ. ೧೯೯೩ರ ಸೆಪ್ಟೆಂಬರ್ ೩೦ರಂದು ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುತ್ತಲ ಸೀಮೆಯ ಜನರು ಎಷ್ಟೋ ಮನೆಗಳನ್ನು ಬಿಟ್ಟು ಹೊರಬಿದ್ದರು. ಮರುವರ್ಷ ಆಗಸ್ಟಿನಲ್ಲಿ ಬೀಡ ಜಿಲ್ಲೆಯ ಮಾಮಲಾ ಎಂಬ ಹಳ್ಳಿಯಲ್ಲಿ ಪ್ಲೇಗು ತೋರಿತು. ಬಿಟ್ಟುಹೋದ ಮನೆಗಳ ಕಾಳಿಗೆ ಇಲಿಗಳು ನೆರೆದು, ಇಲಿಯ ಚಿಗಟಗಳು ಹೆಚ್ಚಿ ಹೀಗಾಯಿತೆಂದು ಕೆಲವರು ಕಾರಣ ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಸೂರತ್ತಿನಿಂದ ಪ್ಲೇಗಿನ ಸುದ್ದಿ ಬಂದಾಗ ಲಕ್ಷಾಂತರ ಜನ ನಗರವನ್ನೇ ತೊರೆದು ಓಡಿದರು. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಅಂಜಿಕೆಯಿಂದ ನೆಲೆ ತಪ್ಪಿದವರಿಗೆ ಲೆಕ್ಕವಿಲ್ಲ. ಅಂಜಿದವನು ರೋಗವನ್ನು ಮರೆಮಾಚುತ್ತಾನೆ. ಇಲ್ಲವೆ ಓಡಿಹೋಗಿ ಅದನ್ನು ಬೇರೆಡೆಗೆ ಒಯ್ಯುತ್ತಾನೆ. ಒಂದು ಕುಲವನ್ನೋ ಕೇರಿಯನ್ನೋ ರೋಗಕ್ಕೆ ಹೊಣೆಮಾಡಿ ದೂರುವವನು ಆ ಅಂಜಿಕೆಗೆ ಗಾಳಿ ಹಾಕುತ್ತಾನೆ. ಮರೆಮಾಚಿದ ರೋಗವು ಕಡೆಗೆ ಅವನ ಬಾಗಿಲನ್ನೂ ತಟ್ಟದೆ ಬಿಡದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಹೇಳಿದ ಗಣಿತವನ್ನು ನೆನಪಿಗೆ ತಂದುಕೊಳ್ಳಿರಿ. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ. ಒಬ್ಬ ರೋಗಿಯಿಂದ ಒಬ್ಬನಿಗಿಂತ ಕಡಮೆ ಜನಕ್ಕೆ ಅಂಟುವಂತಾದರೆ ಸಾಕು. ಏಡಿಸ್ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಬೇಕು. ಆದಕಾರಣ ವಾರಕ್ಕೊಂದು ದಿನ ಪಾತ್ರೆಗಳನ್ನು ಬರಿದುಮಾಡಬೇಕು. ಬರಿದುಮಾಡಿದರೆ ಸಾಲದು. ಮೊಟ್ಟೆಗಳು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಒಳಮೈಗೆ ಅಂಟಿಕೊಂಡಿದ್ದು, ನೀರಿಲ್ಲದೆಯೂ ಹಲವು ತಿಂಗಳು ಜೀವ ಹಿಡಿದಿರುತ್ತವೆ. ಮತ್ತೆ ನೀರು ತುಂಬಿದೊಡನೆ ಒಡೆಯುತ್ತವೆ. ಆದುದರಿಂದ ಒಳಮೈಯನ್ನು ತಿಕ್ಕಿ ತೊಳೆಯಬೇಕು. ಚೆಲ್ಲಲಾಗದ ನೀರನ್ನು ಒತ್ತಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ ಮುಚ್ಚಬೇಕು. ಜ್ವರ ಬಂದವರನ್ನು ಮೊದಲ ವಾರ ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಏಕೆಂದರೆ ಸೊಳ್ಳೆಯು ರೋಗವನ್ನು ಪಡೆಯುವುದು ಆ ದಿನಗಳಲ್ಲಿ ಅವರಿಂದಲೇ. ಒಂದು ಓಣಿಯಲ್ಲಿ ಹಲವರಿಗೆ ಒಮ್ಮೆಗೇ ಜ್ವರ ಬಂದರೆ ಆರೋಗ್ಯ ಇಲಾಖೆಗೆ ತಡವಿಲ್ಲದೆ ತಿಳಿಸಬೇಕು.

ಪ್ರಾಣಿಗಳ ವೈದ್ಯನೂ ಮನುಷ್ಯರ ವೈದ್ಯನೂ ಒಬ್ಬರ ಮಾತನ್ನೊಬ್ಬರು ಕೇಳಬೇಕಾದ ಕಾಲವಿದು. ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ವೈದ್ಯಕೀಯ ಕಾಲೇಜೂ ಒಂದೇ ಊರಿನಲ್ಲಿರುವುದು ಬೀದರದ ಭಾಗ್ಯ. ಭಾಲ್ಕಿಯ ಕೊಟ್ಟಿಗೆಯಲ್ಲಿ ದನವು ಮೇವು ಬಿಟ್ಟ ಸುದ್ದಿಯೂ ಔರಾದದ ಹಳ್ಳಿಯಲ್ಲಿ ಕೂಸಿಗೆ ಜ್ವರ ಬಂದ ಸುದ್ದಿಯೂ ಒಂದೇ ಕಡೆಯಲ್ಲಿ ಕೂಡಿದರೆ ಮುಂದೆ ಬರುವ ರೋಗವನ್ನು ಹೊಸ್ತಿಲಲ್ಲಿಯೇ ಗುರುತಿಸುವುದು ಸಾಧ್ಯವಾದೀತು.

ಹೊಸ ರೋಗಗಳು ಮುಂದೆಯೂ ಬಂದೇ ಬರುವುವು. ಕಾಡಿನಲ್ಲಿ, ಹಟ್ಟಿಯಲ್ಲಿ, ದೂರದ ದ್ವೀಪಗಳಲ್ಲಿ ಅವುಗಳ ಬೀಜವಿದೆ. ಅದನ್ನು ನಿರ್ಮೂಲಮಾಡುವುದು ನಮ್ಮಿಂದ ಆಗದ ಮಾತು. ಅವು ನಡೆದುಬರುವ ದಾರಿಯನ್ನು ಕಿರಿದುಮಾಡುವುದು ಮಾತ್ರ ಆಗುವ ಮಾತು. ಈ ಭಾಷಣವನ್ನು ಕೇಳಿ ಎದ್ದವರು ಇಂದೇ ಮಾಳಿಗೆಗೊಮ್ಮೆ ಹೋಗಿ, ಅಲ್ಲಿ ಮಳೆನೀರು ಹಿಡಿದು ಕುಳಿತ ಒಡಕು ಗಡಿಗೆಯೊಂದು ಸಿಕ್ಕೀತೇ ನೋಡಲಿ. ಸಿಕ್ಕರೆ ಅದನ್ನು ಬೋರಲು ಹಾಕಲಿ. ನೆರೆಮನೆಯವರನ್ನೂ ಕರೆದು ತೋರಿಸಲಿ.